ಬಿನ್ನವತ್ತಳೆಯಲ್ಲಿ ಬಿಟ್ಟ ಖಾಲಿ ಜಾಗ

ಪತ್ರಿಕೆಯ ಡೆಸ್ಕ್‌ನಲ್ಲಿ ಕುಳಿತು ಬೇರೆಯವರ ವಾಕ್ಯಗಳನ್ನು ತಿದ್ದುತ್ತಲೇ ನಿವೃತ್ತನಾದ ನನಗೆ ಪ್ರಶಸ್ತಿ ಸಮಾರಂಭಗಳ ಜೊತೆಗಿದ್ದ ನಂಟು ತೀರ ಸಣ್ಣದು. ಸಮಾರಂಭದ ಚಿತ್ರಕ್ಕೆ ಅಡಿಬರಹ ಬರೆಯುವುದು, ಎಡದಿಂದ ಬಲಕ್ಕೆ ನಿಂತವರ ಹೆಸರು ಅದಲುಬದಲಾಗದಂತೆ ನೋಡಿಕೊಳ್ಳುವುದು, ಅಷ್ಟೇ. ಆದ್ದರಿಂದ ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯದ ನಗರವೊಂದರ ಪ್ರೆಸ್ ಕ್ಲಬ್‌ನವರು ತಮ್ಮ ವಾರ್ಷಿಕ ಪತ್ರಿಕೋದ್ಯಮ ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿ ಇರಬೇಕೆಂದು ಕೇಳಿಕೊಂಡಾಗ ನನಗೆ ಹೆಮ್ಮೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಸಮಿತಿಯಲ್ಲಿ ಮೂವರಿದ್ದೆವು: ಪತ್ರಿಕೋದ್ಯಮ ಕಲಿಸುತ್ತಿದ್ದ ಅಧ್ಯಾಪಕಿಯೊಬ್ಬರು, ಬೇರೊಂದು ಜಿಲ್ಲೆಯ ಹಿರಿಯ ವರದಿಗಾರರೊಬ್ಬರು ಮತ್ತು ನಾನು.

ಮೊದಲ ದಿನ ಕ್ಲಬ್‌ನ ಕಚೇರಿಗೆ ಹೋದಾಗ ಮೇಜಿನ ಒಂದು ಬದಿಯಲ್ಲಿ ಅರ್ಜಿಗಳ ಕಟ್ಟು ಇತ್ತು, ಇನ್ನೊಂದು ಬದಿಯಲ್ಲಿ ದಪ್ಪ ಕಾಗದದ ಬಿನ್ನವತ್ತಳೆಗಳ ಕಟ್ಟು. ಪ್ರಶಸ್ತಿಗೆ ಯಾರು ಎಂಬುದು ತೀರ್ಮಾನವಾಗುವ ಮೊದಲೇ ಬಿನ್ನವತ್ತಳೆ ಅಚ್ಚಾಗಿ ಬಂದಿತ್ತು! "ಪತ್ರಿಕೋದ್ಯಮ ಕ್ಷೇತ್ರದಲ್ಲಿ ತಾವು ಸಲ್ಲಿಸಿರುವ ಅನುಪಮ ಸೇವೆಯನ್ನು ಪರಿಗಣಿಸಿ" ಎಂದು ಆರಂಭವಾಗಿ, "ತಮ್ಮ ಸೇವೆ ಹೀಗೆಯೇ ಮುಂದುವರಿಯಲಿ ಎಂದು ಹಾರೈಸುತ್ತೇವೆ" ಎಂದು ಮುಗಿಯುವ ಆ ಬರಹದ ನಡುವೆ ಹೆಸರಿಗಾಗಿ ಒಂದೂವರೆ ಗೆರೆಯಷ್ಟು ಜಾಗ ಬಿಡಲಾಗಿತ್ತು. ಮುದ್ರಣಾಲಯದವರಿಗೆ ಒಟ್ಟಿಗೆ ಕೊಟ್ಟರೆ ಖರ್ಚು ಕಡಿಮೆ ಎಂದು ಪದಾಧಿಕಾರಿಯೊಬ್ಬರು ವಿವರಿಸಿದರು. ಮಾತು ಸರಿಯೇ. ಆದರೆ ಯಾರ ಹೆಸರು ಬರೆದರೂ ಒಪ್ಪುವ ಆ ಒಕ್ಕಣೆಯನ್ನು ಓದಿದಾಗ, ಇಲ್ಲಿ ಬಹುಮಾನ ಸಿಗುತ್ತಿರುವುದು ವರದಿಗೋ ವ್ಯಕ್ತಿಗೋ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮುಂದಿನ ಮೂರು ವಾರ ನಾವು ಮಾಡಿದ ವಾದಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಅದೇ ಪ್ರಶ್ನೆಯನ್ನು ಸುತ್ತುತ್ತಿದ್ದವು.

ಕರ್ನಾಟಕದಲ್ಲಿ ಇಂಥ ಪ್ರಶಸ್ತಿಗಳಿಗೆ ಒಂದು ಋತು ಇದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿ "ಮಂಗಳೂರ ಸಮಾಚಾರ"ದ ಮೊದಲ ಸಂಚಿಕೆಯನ್ನು ಹೊರತಂದದ್ದು 1843ರ ಜುಲೈ 1ರಂದು. ಕನ್ನಡದ ಮೊದಲ ಪತ್ರಿಕೆ ಎಂಬ ಕಾರಣಕ್ಕೆ ನಾವು ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಭಾರತೀಯ ಪತ್ರಿಕಾ ಮಂಡಳಿ 1966ರ ನವೆಂಬರ್ 16ರಂದು ಕೆಲಸ ಆರಂಭಿಸಿದ್ದರಿಂದ ದೇಶದ ಉಳಿದೆಡೆ ಆ ದಿನ ರಾಷ್ಟ್ರೀಯ ಪತ್ರಿಕಾ ದಿನ. ನಮ್ಮಲ್ಲಿ ಮಾತ್ರ ಜುಲೈ ತಿಂಗಳಿಡೀ ಜಿಲ್ಲೆ ಜಿಲ್ಲೆಯ ಪತ್ರಿಕಾ ಭವನಗಳಲ್ಲಿ ಸಮಾರಂಭಗಳು ಒಂದರ ಹಿಂದೊಂದು ನಡೆಯುತ್ತವೆ. ಮಳೆಗಾಲದ ಸುದ್ದಿಗಳ ನಡುವೆ ಪತ್ರಕರ್ತರೇ ಪತ್ರಕರ್ತರನ್ನು ಸನ್ಮಾನಿಸುವ ಚಿತ್ರಗಳಿಗೆ ಜಾಗ ಹುಡುಕುವುದು ಡೆಸ್ಕ್‌ನವರ ಪಾಲಿಗೆ ವರ್ಷಕ್ಕೊಮ್ಮೆ ಬರುವ ತಲೆನೋವು. ಹಾಕದಿದ್ದರೆ ಪಕ್ಕದ ಟೇಬಲ್ಲಿನವರಿಗೇ ಬೇಸರ.

ಅರ್ಜಿ ನಮೂನೆಯಿಂದಲೇ ತೊಡಕು ಶುರುವಾಯಿತು. ಯಾವುದೇ ಪ್ರಶಸ್ತಿಯ ನಿಜವಾದ ಸ್ವಭಾವ ತಿಳಿಯಬೇಕಾದರೆ ವೇದಿಕೆಯನ್ನಲ್ಲ, ಅದರ ಅರ್ಜಿ ನಮೂನೆಯನ್ನು ನೋಡಬೇಕು ಎಂಬುದು ಈಗ ನನ್ನ ದೃಢ ಅಭಿಪ್ರಾಯ. ನಮ್ಮ ಮುಂದಿದ್ದ ನಮೂನೆ ನಾಲ್ಕು ವಿಷಯಗಳನ್ನು ಕೇಳುತ್ತಿತ್ತು: ಬೈಲೈನ್, ಅಂದರೆ ಬರೆದವರ ಹೆಸರು, ಇರುವ ವರದಿ, ನೇಮಕಾತಿ ಪತ್ರದ ನಕಲು, ವರದಿ ಇವರದೇ ಎಂದು ಸಂಪಾದಕರು ಕೊಟ್ಟ ಪ್ರಮಾಣಪತ್ರ, ಕ್ಲಬ್‌ನ ಅಥವಾ ಪತ್ರಕರ್ತರ ಸಂಘದ ಸದಸ್ಯತ್ವ ಸಂಖ್ಯೆ. ನೋಡುವುದಕ್ಕೆ ನಾಲ್ಕೂ ನ್ಯಾಯವಾಗಿಯೇ ಇವೆ. ಆದರೆ ಈ ನಾಲ್ಕು ಬಾಗಿಲುಗಳನ್ನು ದಾಟಿ ಒಳಗೆ ಬರಬಲ್ಲವರು ಯಾರು ಎಂದು ಲೆಕ್ಕ ಹಾಕಿದರೆ, ನಗರದ ದೊಡ್ಡ ಪತ್ರಿಕೆಗಳಲ್ಲಿ ಕಾಯಂ ನೌಕರಿಯಲ್ಲಿರುವ ವರದಿಗಾರರು ಮಾತ್ರ. ವರದಿಗೆ ಪ್ರಾಣ ತುಂಬಿದ ಉಪ ಸಂಪಾದಕ ಹೊರಗೆ. ಪುಟ ವಿನ್ಯಾಸಕಾರ ಹೊರಗೆ. ತಾಲ್ಲೂಕು ಕೇಂದ್ರಗಳಲ್ಲಿ ಕುಳಿತು ಸುದ್ದಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಪಡೆಯುವ ಬಿಡಿ ಸುದ್ದಿಗಾರನಂತೂ ಮೊದಲ ಬಾಗಿಲಲ್ಲೇ ಹೊರಗೆ.

ಬಿಡಿ ಸುದ್ದಿಗಾರರ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳು ನಿಂತಿರುವುದೇ ಅವರ ಮೇಲೆ. ಬೆಳಿಗ್ಗೆ ತಾಲ್ಲೂಕು ಕಚೇರಿ, ಮಧ್ಯಾಹ್ನ ಯಾವುದೋ ಸಂಘದ ಪತ್ರಿಕಾಗೋಷ್ಠಿ, ಸಂಜೆ ಅಪಘಾತದ ಸ್ಥಳ, ರಾತ್ರಿ ಡೆಸ್ಕ್‌ನಿಂದ ಬರುವ ಫೋನ್. ಇವುಗಳ ನಡುವೆ ವಿಶೇಷ ಪುರವಣಿಗೆ ಜಾಹೀರಾತು ತರಬೇಕಾದ ಹೊಣೆಯೂ ಹಲವು ಕಡೆ ಅವರದೇ. ನಿನ್ನೆ ಯಾರ ಅವ್ಯವಹಾರದ ಬಗ್ಗೆ ಬರೆದನೋ, ಇಂದು ಅವರ ಬಾಗಿಲಿಗೇ ಜಾಹೀರಾತು ಕೇಳಲು ಹೋಗಬೇಕು. ಅಷ್ಟಾದರೂ ಕಾಗದದ ಮೇಲೆ ಅವನು ಆ ಪತ್ರಿಕೆಗೆ ಏನೂ ಅಲ್ಲ.

ವಿಚಿತ್ರವೆಂದರೆ ಕಾನೂನು ಇಷ್ಟು ಜಿಪುಣತನ ತೋರಿಸಿರಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯು ಕಾರ್ಯನಿರತ ಪತ್ರಕರ್ತ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಪೂರ್ಣಾವಧಿಯವರ ಜೊತೆಗೆ ಅರೆಕಾಲಿಕರನ್ನೂ ಸೇರಿಸಿತ್ತು. ಸಂಪಾದಕ, ಅಗ್ರಲೇಖನ ಬರೆಯುವವರು, ಸುದ್ದಿ ಸಂಪಾದಕ, ಉಪ ಸಂಪಾದಕ, ವರದಿಗಾರ, ಬಾತ್ಮೀದಾರ, ವ್ಯಂಗ್ಯಚಿತ್ರಕಾರ, ಪತ್ರಿಕಾ ಛಾಯಾಗ್ರಾಹಕ ಎಂದು ಸಾಗುವ ಆ ಪಟ್ಟಿಯ ಕೊನೆಯಲ್ಲಿ ಕರಡು ತಿದ್ದುವವರೂ ಇದ್ದರು. ಡಿ.ವಿ. ಗುಂಡಪ್ಪನವರು 1932ರಲ್ಲಿ ಹುಟ್ಟುಹಾಕಿದ್ದೆಂದು ಹೇಳಿಕೊಳ್ಳುವ ನಮ್ಮ ರಾಜ್ಯ ಸಂಘದ ಹೆಸರಿನಲ್ಲಿಯೂ "ಕಾರ್ಯನಿರತ" ಎಂಬ ಪದವೇ ಇದೆ, ಕಾಯಂ ಎಂಬ ಪದ ಇಲ್ಲ. ದುಡಿಮೆಯನ್ನು ನೋಡಿ ಪತ್ರಕರ್ತ ಎನ್ನಬೇಕೇ ಹೊರತು ಸಂಬಳದ ಚೀಟಿಯನ್ನು ನೋಡಿಯಲ್ಲ ಎಂಬ ತಿಳಿವಳಿಕೆ ಹಳಬರಿಗೆ ಇತ್ತು.

ಒಳಗೆ ಯಾರಿದ್ದಾರೆ ಎಂಬುದೇ ಬಹುಮಾನ ಯಾರಿಗೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ 1908ರಲ್ಲಿ ಆರಂಭವಾಯಿತಾದರೂ ಅದು ಮಹಿಳೆಯರಿಗೆ ಸದಸ್ಯತ್ವ ಕೊಟ್ಟದ್ದು 1971ರಲ್ಲಿ. 1955ರಿಂದ ಗಣ್ಯರ ಭಾಷಣಗಳ ವರದಿಗೆ ಅವರನ್ನು ಒಳಗೆ ಬಿಡುತ್ತಿದ್ದರಾದರೂ ಕೂರಿಸುತ್ತಿದ್ದುದು ಮೇಲಿನ ಬಾಲ್ಕನಿಯಲ್ಲಿ. ಕೆಳಗೆ ಗಂಡಸರು ಊಟ ಮಾಡುತ್ತ ಪ್ರಶ್ನೆ ಕೇಳುತ್ತಿದ್ದರೆ, ಮೇಲಿದ್ದವರಿಗೆ ಊಟವೂ ಇಲ್ಲ, ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. ಇದನ್ನು ನಮ್ಮ ಸಮಿತಿಯ ಅಧ್ಯಾಪಕಿ ಹೇಳಿದಾಗ ಪದಾಧಿಕಾರಿಗಳು ನಕ್ಕರು. "ನಮ್ಮಲ್ಲೂ ಒಂದು ಬಾಲ್ಕನಿ ಇದೆ, ಅಲ್ಲಿ ತಾಲ್ಲೂಕಿನವರು ಕುಳಿತಿದ್ದಾರೆ" ಎಂದು ಅಧ್ಯಾಪಕಿ ಸೇರಿಸಿದ ಮೇಲೆ ನಗು ನಿಂತಿತು.

ಡೆಸ್ಕ್‌ನಲ್ಲಿ ಕೆಲಸ ಮಾಡಿದವರಿಗೆ ಕಸದ ಬುಟ್ಟಿಯನ್ನು ಒಮ್ಮೆ ತಿರುವಿ ನೋಡುವ ಅಭ್ಯಾಸವಿರುತ್ತದೆ. ಸುದ್ದಿ ಏಜೆನ್ಸಿಯ ಒಳ್ಳೆಯ ಸುದ್ದಿ ಅಲ್ಲಿ ಬಿದ್ದಿರುವುದು ನಮ್ಮ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಅದೇ ಅಭ್ಯಾಸದಿಂದ ನಾನು ನಿಯಮಕ್ಕೆ ಹೊಂದದೆ ಬದಿಗಿಟ್ಟ ಅರ್ಜಿಗಳನ್ನೂ ತೋರಿಸಿ ಎಂದು ಕೇಳಿದೆ. ಅದರಲ್ಲಿ ಒಂದು ಕಂದು ಲಕೋಟೆ ಇತ್ತು. ಒಳಗೆ ಅರ್ಜಿ ನಮೂನೆಯೇ ಇರಲಿಲ್ಲ. ಜಿಲ್ಲಾ ಪುಟದ ಮೂರು ಸಣ್ಣ ತುಣುಕುಗಳು, ಮೂರಕ್ಕೂ "ನಮ್ಮ ಪ್ರತಿನಿಧಿಯಿಂದ" ಎಂಬುದೇ ಬೈಲೈನ್. ಜೊತೆಗೆ ಅದೇ ಪತ್ರಿಕೆಯ ಉಪ ಸಂಪಾದಕರೊಬ್ಬರು ಬರೆದ ಚೀಟಿ: ಈ ವರದಿಗಳನ್ನು ನಾನು ಎಡಿಟ್ ಮಾಡಿದ್ದೇನೆ, ಕಾಟು ಹಾಕುವಂಥ ಒಂದು ಪದವೂ ಇರಲಿಲ್ಲ, ಬರೆದಾತನಿಗೆ ಅರ್ಜಿ ಹಾಕಲು ಅರ್ಹತೆ ಇಲ್ಲವಂತೆ, ಆದ್ದರಿಂದ ನಾನೇ ಕಳಿಸುತ್ತಿದ್ದೇನೆ.

ಮೊದಲ ವರದಿ ಏಕ ಕಾಲಂ, ನನ್ನ ಅಂಗೈಗಿಂತ ಚಿಕ್ಕದು. ಗ್ರಾಮ ಪಂಚಾಯಿತಿಯೊಂದರಲ್ಲಿ ಉದ್ಯೋಗ ಖಾತರಿ ಕಾಮಗಾರಿಯ ಹಾಜರಾತಿ ಪಟ್ಟಿಯಲ್ಲಿ ತೀರಿಕೊಂಡವರ ಹೆಸರುಗಳೂ ಇವೆ ಎಂಬುದು ಸುದ್ದಿ. ಎರಡು ವಾರದ ನಂತರದ ಎರಡನೆಯ ತುಣುಕಿನಲ್ಲಿ ಹೆಸರುಗಳ ಸಂಖ್ಯೆ, ಅವರು ತೀರಿಕೊಂಡ ವರ್ಷ ಮತ್ತು ಕೂಲಿ ಜಮಾ ಆದ ತಿಂಗಳು. ಮೂರನೆಯದರಲ್ಲಿ ತಾಲ್ಲೂಕು ಪಂಚಾಯಿತಿಯ ತನಿಖೆ ಆರಂಭವಾದ ವಿಷಯ. ಉದ್ಗಾರ ಚಿಹ್ನೆಯಿಲ್ಲ, "ಬಯಲಿಗೆ" ಎಂಬ ಪದವಿಲ್ಲ, "ಭಾರಿ ಗೋಲ್‌ಮಾಲ್" ಇಲ್ಲ. ಕಟ್ಟಿನಲ್ಲಿದ್ದ ಉಳಿದ ಅರ್ಜಿಗಳಲ್ಲಿ ಕೆಲವು ಬಣ್ಣದ ಲ್ಯಾಮಿನೇಷನ್ ಮಾಡಿಸಿಕೊಂಡು, ಸ್ಪೈರಲ್ ಬೈಂಡಿಂಗಿನಲ್ಲಿ, ಲೇಖಕರ ಭಾವಚಿತ್ರದ ಸಮೇತ ಬಂದಿದ್ದವು ಎಂಬುದನ್ನೂ ಹೇಳಬೇಕು. ಅವುಗಳಲ್ಲಿ ಮೂರ್ನಾಲ್ಕು ನಿಜಕ್ಕೂ ಒಳ್ಳೆಯ ಸರಣಿಗಳೇ ಆಗಿದ್ದವು. ಮಿಕ್ಕವು ಪ್ರೆಸ್ ನೋಟಿಗೆ ವಿಶೇಷಣ ಸೇರಿಸಿದಂಥವು.

ಭಾಷೆಯ ವಿಷಯವೂ ಒಂದಿದೆ. ರಾಷ್ಟ್ರಮಟ್ಟದ ಪ್ರಶಸ್ತಿಗಳಿಗೆ ಕನ್ನಡ ವರದಿಯನ್ನು ಕಳಿಸುವಾಗ ಇಂಗ್ಲಿಷ್ ಅನುವಾದ ಲಗತ್ತಿಸಬೇಕಾಗುವುದುಂಟು. ನಾನು ಕೆಲಸದಲ್ಲಿದ್ದಾಗ ಇಂಥ ಅನುವಾದಗಳನ್ನು ಮಾಡಿಕೊಟ್ಟಿದ್ದೇನೆ. ಕೆರೆ ಒತ್ತುವರಿ ತೆರವಿನ ಸುದ್ದಿಗೆ ನಮ್ಮ ಡೆಸ್ಕ್‌ನ ಹುಡುಗನೊಬ್ಬ "ಕೆರೆ ನುಂಗಿದವರಿಗೆ ನೀರು ಕುಡಿಸಿದ ತಹಶೀಲ್ದಾರ್" ಎಂದು ಶೀರ್ಷಿಕೆ ಕೊಟ್ಟಿದ್ದ. ಇಂಗ್ಲಿಷಿಗೆ ಹೋದಾಗ ಅದರಲ್ಲಿ ಉಳಿದದ್ದು ತಹಶೀಲ್ದಾರರು ಒತ್ತುವರಿ ತೆರವುಗೊಳಿಸಿದರು ಎಂಬ ಒಣ ಮಾಹಿತಿ ಮಾತ್ರ. ನಗರದ ಪ್ರೆಸ್ ಕ್ಲಬ್ ಕೊಡುವ ಬಹುಮಾನ ಚಿಕ್ಕದಾದರೂ ಅದನ್ನು ನಿರ್ಧರಿಸುವವರು ಆ ಶೀರ್ಷಿಕೆಯನ್ನು ಓದಿ ನಗಬಲ್ಲವರು, ಆ ತಾಲ್ಲೂಕಿನ ಕೆರೆ ಯಾವುದೆಂದು ಬಲ್ಲವರು. ಈ ಒಂದು ಕಾರಣಕ್ಕೇ ಊರಿನ ಪ್ರಶಸ್ತಿಗೆ ದೆಹಲಿಯ ಪ್ರಶಸ್ತಿಗಿಲ್ಲದ ಬೆಲೆ ಇದೆ ಎಂದು ನಾನು ನಂಬುತ್ತೇನೆ.

ಆದರೆ ಬಲ್ಲವರು ಎಂಬುದಷ್ಟೇ ಸಾಲದು, ಪರೀಕ್ಷಿಸಬೇಕು. ಪತ್ರಿಕೋದ್ಯಮ ಪ್ರಶಸ್ತಿಗಳ ಇತಿಹಾಸದಲ್ಲಿ ತೀರ್ಪುಗಾರರ ಮುಖಕ್ಕೆ ಮಸಿ ಬಳಿದ ಎರಡು ಪ್ರಸಂಗಗಳನ್ನು ನಾನು ಮೊದಲ ಸಭೆಯಲ್ಲೇ ನೆನಪಿಸಿದೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಜ್ಯಾನೆಟ್ ಕುಕ್ 1980ರ ಸೆಪ್ಟೆಂಬರ್‌ನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಮನಕಲಕುವ ವರದಿ ಬರೆದರು. ನಗರಾಡಳಿತ ಹುಡುಗನಿಗಾಗಿ ಹುಡುಕಾಡಿತು, ಆತ ಸಿಗಲಿಲ್ಲ. ಅಷ್ಟಾದರೂ 1981ರ ಏಪ್ರಿಲ್‌ನಲ್ಲಿ ಆ ವರದಿಗೆ ಅಮೆರಿಕದ ಪ್ರತಿಷ್ಠಿತ ಪತ್ರಿಕೋದ್ಯಮ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಮೋಸ ಹೊರಬಿದ್ದದ್ದು ಆ ಹುಡುಗನ ಕಥೆಯನ್ನು ಯಾರೋ ಪರಿಶೀಲಿಸಿದ್ದರಿಂದಲ್ಲ. ಪ್ರಶಸ್ತಿಗಾಗಿ ಅವರು ಕೊಟ್ಟ ಸ್ವವಿವರದಲ್ಲಿ ಓದಿನ ಬಗ್ಗೆ ಬರೆದುಕೊಂಡದ್ದು, ಅವರು ಹಿಂದೆ ಕೆಲಸ ಮಾಡಿದ್ದ ಪತ್ರಿಕೆಯವರಿಗೆ ಗೊತ್ತಿದ್ದ ವಿವರಕ್ಕೆ ತಾಳೆಯಾಗಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗ ಕಲ್ಪಿತನೆಂದು ಅವರು ಒಪ್ಪಿಕೊಂಡರು, ಪ್ರಶಸ್ತಿ ಹಿಂದಕ್ಕೆ ಹೋಯಿತು. ಅಂದರೆ ಅರ್ಜಿ ನಮೂನೆಯನ್ನು ಸರಿಯಾಗಿ ಓದಿದವರು ತೀರ್ಪುಗಾರರಲ್ಲ, ಹಳೆಯ ಸಹೋದ್ಯೋಗಿಗಳು.

ಎರಡನೆಯದು ಜರ್ಮನಿಯದು. ಡೆರ್ ಸ್ಪೀಗೆಲ್ ವಾರಪತ್ರಿಕೆಯ ಕ್ಲಾಸ್ ರೆಲೋಟಿಯಸ್ ಎಂಬ ಯುವಕನಿಗೆ ಸಿಎನ್‌ಎನ್‌ನ ಪುರಸ್ಕಾರದಿಂದ ಹಿಡಿದು ಜರ್ಮನಿಯ ವರದಿಗಾರರ ಪ್ರಶಸ್ತಿಯವರೆಗೆ ಬಹುಮಾನಗಳ ಸಾಲೇ ಇತ್ತು. 2018ರ ಡಿಸೆಂಬರ್ ಆರಂಭದಲ್ಲಿ ಇನ್ನೊಂದು ಪ್ರಶಸ್ತಿ ಪಡೆದ ಆತನ ವರದಿಗಳಲ್ಲಿ ಪಾತ್ರಗಳೂ ಮಾತುಗಳೂ ಕಟ್ಟುಕಥೆಯೆಂದು ಅದೇ ತಿಂಗಳು ಪತ್ರಿಕೆಯೇ ಪ್ರಕಟಿಸಬೇಕಾಯಿತು. ಅನುಮಾನಪಟ್ಟು ಬೆನ್ನುಹತ್ತಿದವರು ಹುವಾನ್ ಮೊರೆನೊ. ಅವರು ಆ ಪತ್ರಿಕೆಯ ಕಾಯಂ ಸಿಬ್ಬಂದಿಯಲ್ಲ, ಗುತ್ತಿಗೆಯ ಮೇಲೆ ಬರೆಯುತ್ತಿದ್ದವರು. ಮೇಲಿನವರು ನಂಬದಿದ್ದಾಗ ಸ್ವಂತ ಖರ್ಚಿನಲ್ಲಿ ಅಮೆರಿಕದಲ್ಲಿ ತಿರುಗಾಡಿ, ರೆಲೋಟಿಯಸ್ ಭೇಟಿಯಾಗಿದ್ದೇನೆಂದು ಬರೆದಿದ್ದವರನ್ನು ಹುಡುಕಿ ಮಾತನಾಡಿಸಿದರು. ನೇಮಕಾತಿ ಪತ್ರದ ನಕಲು ಕೇಳುವ ನಮ್ಮ ನಮೂನೆಯಲ್ಲಿ ರೆಲೋಟಿಯಸ್ ಸಲೀಸಾಗಿ ತೇರ್ಗಡೆಯಾಗುತ್ತಿದ್ದ, ಮೊರೆನೊ ಬದಿಯ ಕಟ್ಟಿಗೆ ಬೀಳುತ್ತಿದ್ದರು.

ಹೀಗಾಗಿ ಅಂತಿಮ ಹಂತಕ್ಕೆ ಬಂದ ಪ್ರತಿಯೊಂದು ವರದಿಗೂ ಆಧಾರ ತೋರಿಸಬೇಕೆಂದು ನಾವು ಮೂವರೂ ತೀರ್ಮಾನಿಸಿದೆವು. ಇಬ್ಬರು ಅದನ್ನು ಅವಮಾನವೆಂದು ತಿಳಿದು ಅರ್ಜಿ ವಾಪಸ್ ಪಡೆದರು. ಕಂದು ಲಕೋಟೆಯ ಸುದ್ದಿಗಾರ ಮಾತ್ರ ಬಟ್ಟೆಯ ಚೀಲ ಹಿಡಿದು ಬೆಳಗಿನ ಬಸ್ಸಿಗೆ ಬಂದ. ಚೀಲದಿಂದ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪಡೆದ ಹಾಳೆಗಳು ಹೊರಬಂದವು, ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್. ನೋಟ್‌ಬುಕ್ಕಿನ ಎಡಪುಟದಲ್ಲಿ ಹಾಜರಾತಿ ಪಟ್ಟಿಯ ಹೆಸರು ಮತ್ತು ಜಾಬ್ ಕಾರ್ಡ್ ಸಂಖ್ಯೆ, ಬಲಪುಟದಲ್ಲಿ ಮರಣ ನೋಂದಣಿಯ ದಿನಾಂಕ. ಒಟ್ಟು 11 ಹೆಸರುಗಳು, ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದು 10. ಏಳನೆಯ ಹೆಸರಿನ ಮೇಲೆ ನೀಲಿ ಗೆರೆ ಎಳೆದಿತ್ತು. ಏಕೆಂದು ಕೇಳಿದೆ.

"ಅದು ತೀರಿಕೊಂಡವರ ಅಣ್ಣನ ಮಗನ ಹೆಸರು ಸರ್. ಇಬ್ಬರಿಗೂ ಅಜ್ಜನ ಹೆಸರೇ ಇಟ್ಟಿದ್ದಾರೆ. ಮನೆಗೆ ಹೋಗಿ ನೋಡಿದೆ. ಆ ಹುಡುಗ ನಿಜವಾಗಲೂ ಕೆಲಸಕ್ಕೆ ಹೋಗಿದ್ದ, ಅದಕ್ಕೆ ತೆಗೆದುಬಿಟ್ಟೆ" ಎಂದ.

ಆ ನೀಲಿ ಗೆರೆಯನ್ನು ನೋಡಿದ ಮೇಲೆ ನನ್ನ ಮಟ್ಟಿಗೆ ತೀರ್ಪು ಮುಗಿದಿತ್ತು. 11 ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಸುದ್ದಿಯ ತೂಕವೂ ಒಂದಿಷ್ಟು ಹೆಚ್ಚುತ್ತಿತ್ತು. ಒಂದು ಹೆಸರನ್ನು ಕೈಬಿಡುವುದಕ್ಕಾಗಿ ಆತ ಮುಂಜಾನೆ ಎಷ್ಟು ದೂರ ಬೈಕ್ ಓಡಿಸಿರಬೇಕು ಎಂದು ಯೋಚಿಸಿದೆ. ಅವನಿಗೆ ಅದು ಹೇಳಿಕೊಳ್ಳಬೇಕಾದ ವಿಷಯವೆಂದೂ ಅನ್ನಿಸಿರಲಿಲ್ಲ.

ಆದರೂ ಪ್ರಮಾಣಪತ್ರ ಬೇಕಲ್ಲ? ಪದಾಧಿಕಾರಿಗಳು ಆತನ ಪತ್ರಿಕೆಗೆ ಬರೆದರು. ಬರೆದು ಕೊಡಲು ಆಗುವುದಿಲ್ಲವೆಂದು ಫೋನಿನಲ್ಲಿ ಉತ್ತರ ಬಂತು. ವರದಿ ಅವನದೇ ಎನ್ನುವುದರಲ್ಲಿ ಅವರಿಗೆ ತಕರಾರಿರಲಿಲ್ಲ. ಪ್ರಮಾಣಪತ್ರ ಕೊಟ್ಟರೆ ಆತ ತಮ್ಮ ನೌಕರನೆಂದು ಲಿಖಿತವಾಗಿ ಒಪ್ಪಿಕೊಂಡಂತಾಗುತ್ತದೆ ಎಂಬುದು ಅವರ ಭಯ. ಹತ್ತು ವರ್ಷ ಆತನ ಸುದ್ದಿಯನ್ನು ಅಚ್ಚು ಹಾಕಲು ಇಲ್ಲದ ಅಳುಕು ಎರಡು ಸಾಲಿನ ಚೀಟಿಗೆ ಬಂದಿತ್ತು. ಕೊನೆಗೆ ಡೆಸ್ಕ್‌ನ ಆ ಉಪ ಸಂಪಾದಕರ ಚೀಟಿಯನ್ನೇ ಪ್ರಮಾಣಪತ್ರವೆಂದು ಸ್ವೀಕರಿಸುತ್ತೇವೆಂದು ನಾವು ನಡಾವಳಿಯಲ್ಲಿ ಬರೆಸಿದೆವು. ಅದಕ್ಕೆ ಮೂರು ಗಂಟೆಗಳ ಚರ್ಚೆ ಬೇಕಾಯಿತು. 1955ರ ವ್ಯಾಖ್ಯೆಯನ್ನು ನಾನು ಗಟ್ಟಿಯಾಗಿ ಓದಿ ಹೇಳಿದ್ದು ಆಗಲೇ.

ಇನ್ನೊಂದು ಜಗಳ ಪ್ರಶಸ್ತಿಗಳ ಸಂಖ್ಯೆಯದು. ಆರು ವಿಭಾಗಗಳೆಂದು ಆರಂಭವಾದದ್ದು ಎರಡನೆಯ ಸಭೆಯ ಹೊತ್ತಿಗೆ ಹದಿನಾಲ್ಕಾಯಿತು, ಮೂರನೆಯ ಸಭೆಗೆ ಇಪ್ಪತ್ತು ದಾಟಿತು. ಕ್ಲಬ್‌ಗೆ ಚುನಾವಣೆ ಹತ್ತಿರವಿತ್ತು. ಪತ್ರಿಕೆಗೆ ಒಂದು, ಚಾನೆಲ್ಲಿಗೆ ಒಂದು, ಸಂಜೆ ಪತ್ರಿಕೆಗೆ ಒಂದು, ಕ್ಯಾಮೆರಾದವರಿಗೆ ಎರಡು ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕುತ್ತ ಹೋದಂತೆ ಹೋಗುತ್ತಿತ್ತು. ಯಾರ ಮುಂದೆಯೂ ಎಲೆ ತಪ್ಪಬಾರದು ಎಂಬುದು ಊಟದ ನ್ಯಾಯ, ಪ್ರಶಸ್ತಿಯ ನ್ಯಾಯವಲ್ಲ. "ಸಾರ್, ನಮ್ಮ ಹುಡುಗ, ಸ್ವಲ್ಪ ನೋಡಿ" ಎಂಬ ಫೋನ್ ಕರೆಗಳೂ ಬಂದವು. ಅವುಗಳಲ್ಲಿ ಒಂದು ನನ್ನ ಹಳೆಯ ಗೆಳೆಯನದು, ಇಂದಿಗೂ ಆತ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಒಂದು ವಿಭಾಗದಲ್ಲಿ ಯಾರಿಗೂ ಕೊಡುವುದು ಬೇಡ ಎಂದು ನಾವು ಹೇಳಿದಾಗ, ಹಾಗೆಲ್ಲ ಉಂಟೇ ಎಂದು ಆಶ್ಚರ್ಯಪಟ್ಟರು. ಪುಲಿಟ್ಜರ್‌ನಲ್ಲಿ 2012ರಲ್ಲಿ ಸಂಪಾದಕೀಯ ಬರಹಕ್ಕೆ ಯಾರಿಗೂ ಪ್ರಶಸ್ತಿ ಕೊಡಲಿಲ್ಲ ಎಂದೆ. ನಮ್ಮ ಸಭಾಂಗಣ ಈಗಾಗಲೇ ಬುಕ್ ಆಗಿದೆ ಸಾರ್ ಎಂಬ ಉತ್ತರ ಬಂತು. ಕೊನೆಗೆ ಒಂಬತ್ತಕ್ಕೆ ಒಪ್ಪಂದವಾಯಿತು. ನನಗೆ ಒಂಬತ್ತೂ ಹೆಚ್ಚೆನಿಸಿತ್ತು.

ವೇದಿಕೆಗೆ ಯಾರನ್ನು ಕರೆಯಬೇಕೆಂಬುದು ನಮ್ಮ ಅಧಿಕಾರಕ್ಕೆ ಬರುತ್ತಿರಲಿಲ್ಲ. ನಾವು ಆಯ್ಕೆ ಮಾಡಿದ ಒಂಬತ್ತರಲ್ಲಿ ನಾಲ್ಕು ವರದಿಗಳು ಆಡಳಿತದ ತಪ್ಪುಗಳನ್ನು ಎತ್ತಿ ತೋರಿಸಿದವು, ಅವನ್ನು ಪ್ರದಾನ ಮಾಡಲು ಬರುವವರು ಅದೇ ಆಡಳಿತದ ಮಂತ್ರಿ. ಇದರಲ್ಲಿ ತಮಾಷೆ ಕಂಡವನು ನಾನೊಬ್ಬನೇ ಇರಬೇಕು. ಸರ್ಕಾರದ ಕೈಯಿಂದ ಪತ್ರಕರ್ತರು ಪ್ರಶಸ್ತಿ ಪಡೆಯಬಹುದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಡಿವಿಜಿಯವರಿಗೆ 1974ರಲ್ಲಿ ಪದ್ಮಭೂಷಣ ಸಂದಿತು, ಆ ಹೊತ್ತಿಗೆ ಅವರು ದಿನಪತ್ರಿಕೆಯ ಜಂಜಾಟದಿಂದ ದೂರ ಸರಿದು ದಶಕಗಳಾಗಿದ್ದವು. ಹಿರಿಯ ಪತ್ರಕರ್ತ ನಿಖಿಲ್ ಚಕ್ರವರ್ತಿ 1990ರಲ್ಲಿ ಅದೇ ಪ್ರಶಸ್ತಿಯನ್ನು ನಿರಾಕರಿಸಿದರು, ಪತ್ರಕರ್ತ ಆಳುವವರ ಜೊತೆ ಗುರುತಿಸಿಕೊಂಡಂತೆ ಕಾಣಬಾರದು ಎಂಬುದು ಅವರ ನಿಲುವು. ತಾವು ವರದಿ ಮಾಡುವ ಸರ್ಕಾರದಿಂದ ಪತ್ರಕರ್ತರು ಪ್ರಶಸ್ತಿ ಪಡೆಯಬಾರದೆಂದು ಪಿ. ಸಾಯಿನಾಥ್ ಕೂಡ 2009ರಲ್ಲಿ ಪದ್ಮಭೂಷಣವನ್ನು ಒಲ್ಲೆನೆಂದರು. ನಮ್ಮ ರಾಜ್ಯ ಸರ್ಕಾರ ಹಿಂದಿನ ತಲೆಮಾರಿನ ಪತ್ರಕರ್ತರಾದ ಟಿ.ಎಸ್. ರಾಮಚಂದ್ರರಾವ್ ಮತ್ತು ಮೊಹರೆ ಹಣಮಂತರಾಯರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ, ಮಾಧ್ಯಮ ಅಕಾಡೆಮಿಯ ಪ್ರಶಸ್ತಿಗಳು ಬೇರೆ ಇವೆ, ರಾಜ್ಯೋತ್ಸವದ ಪಟ್ಟಿಯಲ್ಲೂ ಮಾಧ್ಯಮಕ್ಕೆ ಜಾಗವಿದೆ. ಅವುಗಳನ್ನು ಪಡೆದ ಹಲವರು ನಾನು ಗೌರವಿಸುವ ಪತ್ರಕರ್ತರೇ. ಸರ್ಕಾರ ಇಷ್ಟೊಂದು ಕೊಡುತ್ತಿರುವಾಗ ಪತ್ರಕರ್ತರು ತಾವೇ ಕೊಟ್ಟುಕೊಳ್ಳುವ ಒಂದಾದರೂ ಬೇರೆ ಕೈಯಿಂದ ಬರಲಿ ಎಂಬುದು ನನ್ನ ಆಸೆಯಾಗಿತ್ತು. ನಾಲ್ವತ್ತು ವರ್ಷ ದುಡಿದು ನಿವೃತ್ತರಾದ, ಅಚ್ಚಿನ ಮೊಳೆ ಜೋಡಿಸುವವರೊಬ್ಬರನ್ನೋ ಪತ್ರಿಕೆ ಹಂಚುವವರೊಬ್ಬರನ್ನೋ ವೇದಿಕೆಗೆ ಕರೆಯಿರಿ ಎಂದು ಸಲಹೆ ಕೊಟ್ಟೆ. ಒಳ್ಳೆಯ ಸಲಹೆ ಎಂದು ಎಲ್ಲರೂ ಹೊಗಳಿದರು, ಮಂತ್ರಿಗಳೇ ಬಂದರು.

ಪದಾಧಿಕಾರಿಗಳ ಕಷ್ಟವೂ ನನಗೆ ಅರ್ಥವಾಗದೇ ಇರಲಿಲ್ಲ. ಬಹಳಷ್ಟು ಪತ್ರಿಕಾ ಭವನಗಳು ನಿಂತಿರುವುದು ಸರ್ಕಾರ ಕೊಟ್ಟ ಜಾಗದಲ್ಲಿ, ಕಟ್ಟಿದ್ದು ಅನುದಾನದಲ್ಲಿ. ಶ್ರೀನಗರದ ಕಾಶ್ಮೀರ ಪ್ರೆಸ್ ಕ್ಲಬ್‌ಗೆ ಕೊಟ್ಟಿದ್ದ ಸರ್ಕಾರಿ ಕಟ್ಟಡವನ್ನು 2022ರ ಜನವರಿಯಲ್ಲಿ ಆಡಳಿತ ಹಿಂದಕ್ಕೆ ಪಡೆಯಿತು, ಕ್ಲಬ್ ಅಲ್ಲಿಗೆ ಮುಗಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ವಿದೇಶಿ ವರದಿಗಾರರ ಕ್ಲಬ್, 1990ರ ದಶಕದಿಂದ ನಡೆದುಬಂದಿದ್ದ ಮಾನವ ಹಕ್ಕುಗಳ ಪತ್ರಿಕಾ ಪ್ರಶಸ್ತಿಯನ್ನು ಆ ಸಾಲಿಗೆ ನಿಲ್ಲಿಸಿತು. ಆ ವರ್ಷದ ಬಹುಮಾನಗಳಲ್ಲಿ ಹಲವು, ಪೊಲೀಸ್ ದಾಳಿಯ ನಂತರ ಮುಚ್ಚಿಹೋಗಿದ್ದ ಸ್ಟ್ಯಾಂಡ್ ನ್ಯೂಸ್ ಎಂಬ ಸುದ್ದಿತಾಣಕ್ಕೆ ಸಲ್ಲಬೇಕಾಗಿತ್ತು. ಕೊಟ್ಟರೆ ರಾಷ್ಟ್ರೀಯ ಭದ್ರತಾ ಕಾನೂನಿನ ತೊಡಕಾದೀತೆಂದು ಕ್ಲಬ್ ಹಿಂಜರಿಯಿತು, ಅದರ ಪತ್ರಿಕಾ ಸ್ವಾತಂತ್ರ್ಯ ಸಮಿತಿಯ ಹಲವರು ರಾಜೀನಾಮೆ ಕೊಟ್ಟು ಹೊರನಡೆದರು. ತೀರ್ಪುಗಾರರು ತಮ್ಮ ಕೆಲಸ ಮುಗಿಸಿದ್ದರು, ಹೆಸರುಗಳು ಸಿದ್ಧವಿದ್ದವು, ಘೋಷಿಸುವ ಧೈರ್ಯ ಮಾತ್ರ ಸಾಲಲಿಲ್ಲ. ನಮ್ಮ ಒಂಬತ್ತು ಹೆಸರುಗಳನ್ನು ಯಾರೂ ತಿದ್ದದೆ ಓದಿದರು ಎಂಬುದಕ್ಕೆ ನಾನು ಕ್ಲಬ್‌ನವರಿಗೆ ಋಣಿಯಾಗಿದ್ದೇನೆ. ಓದಿದ ಪಟ್ಟಿಯಲ್ಲಿ ಮಂತ್ರಿಗಳ ಇಲಾಖೆಗೇ ಸೇರಿದ ವರದಿಯೂ ಇತ್ತು, ಅವರು ಮುಗುಳ್ನಗುತ್ತ ಹಾರ ಹಾಕಿದರು.

ಬಿನ್ನವತ್ತಳೆಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದಿದ್ದೆ. ಅನುಪಮ ಸೇವೆಯ ಆ ಕಟ್ಟನ್ನು ಬದಿಗಿಟ್ಟು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಾಲ್ಕೈದು ವಾಕ್ಯ ಬರೆಯಬೇಕು, ಯಾವ ವರದಿ, ಅದಕ್ಕಾಗಿ ಏನು ಮಾಡಿದರು, ಅದರಲ್ಲಿ ನಾವು ಮೆಚ್ಚಿದ್ದು ಏನು ಎಂಬುದು ಅದರಲ್ಲಿ ಇರಬೇಕು ಎಂದೆ. ಬರೆಯುವವರು ಯಾರು ಎಂಬ ಪ್ರಶ್ನೆ ಬಂತು, ನಾನೇ ಎಂದೆ. ಸಮಾರಂಭದ ಹಿಂದಿನ ಎರಡು ರಾತ್ರಿ ಕುಳಿತು ಒಂಬತ್ತನ್ನೂ ಬರೆದೆ. ಹೊಗಳಿಕೆಯ ವಿಶೇಷಣ ಬಳಸದೆ ಹೊಗಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಸುದ್ದಿಗಾರನ ಬಿನ್ನವತ್ತಳೆಯಲ್ಲಿ ಗ್ರಾಮದ ಹೆಸರು, ಪರಿಶೀಲಿಸಿದ ದಾಖಲೆಗಳು, ಕೈಬಿಟ್ಟ ಏಳನೆಯ ಹೆಸರಿನ ಕಾರಣ ಎಲ್ಲವನ್ನೂ ಸೇರಿಸಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಪ್ರೂಫ್ ನೋಡಿ, ಚೌಕಟ್ಟು ಹಾಕಿಸುವ ಹೊತ್ತಿಗೆ ಸಮಾರಂಭಕ್ಕೆ ಎರಡು ಗಂಟೆ ಉಳಿದಿತ್ತು.

ಕಾರ್ಯಕ್ರಮ ಮುಗಿದು ಜನ ಕರಗುತ್ತಿದ್ದಾಗ ಆತ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಳಿಗೆ ಬಂದ. ವಂದನೆ ಹೇಳಲು ಬಂದನೆಂದುಕೊಂಡೆ. ಸ್ವಲ್ಪ ಸಂಕೋಚದಿಂದ ಗಾಜಿನ ಮೇಲೆ ಬೆರಳಿಟ್ಟ.

"ಸರ್, ಊರಿನ ಹೆಸರಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ."

ಹಳ್ಳಿ ಎಂದಿರಬೇಕಾದದ್ದು ಹಳಿ ಎಂದಾಗಿತ್ತು. ಮೂವತ್ತು ವರ್ಷ ಪ್ರೂಫ್ ನೋಡಿದ ಕಣ್ಣು ಅದನ್ನು ಎರಡು ಸಲ ದಾಟಿಕೊಂಡು ಹೋಗಿತ್ತು. ಮತ್ತೆ ಅಚ್ಚು ಹಾಕಿಸಿ ಕಳಿಸುತ್ತೇನೆಂದೆ. ಬೇಡ ಸರ್, ಕೊನೆಯ ಬಸ್ಸಿಗೆ ಹೊತ್ತಾಗುತ್ತದೆ, ಇದರಲ್ಲೇ ಸರಿಮಾಡಿಬಿಡಿ ಎಂದ. ಸಭಾಂಗಣದ ಕುರ್ಚಿಯೊಂದರ ಮೇಲೆ ಚೌಕಟ್ಟನ್ನು ಬೋರಲು ಹಾಕಿ, ಹಿಂಬದಿಯ ಸಣ್ಣ ಮೊಳೆಗಳನ್ನು ಅವನ ಬೈಕ್‌ನ ಕೀಲಿಯಿಂದ ಎಬ್ಬಿಸಿ, ಹಾಳೆಯನ್ನು ಹೊರಗೆಳೆದೆವು. ಅವನು ಅಂಗಿಯ ಜೇಬಿನಿಂದ ನೀಲಿ ಪೆನ್ನು ತೆಗೆದು ಕೊಟ್ಟ. ನಾನು ಳಿ ಅಕ್ಷರದ ಕೆಳಗೆ ಒತ್ತು ಬರೆದೆ, ಅಂಚಿನಲ್ಲಿ ಸಣ್ಣದಾಗಿ ಸಹಿಯನ್ನೂ ಹಾಕಿದೆ.